ಎರಡು ಗೆರೆಗಳ ನಡುವೆ: ಟಿ-ಎಕ್ಸ್-ವೈ ಚಿತ್ರ ಒಲಿಸಿಕೊಳ್ಳಲು ಹನ್ನೊಂದು ಸೂತ್ರಗಳು

ಕೆಮಿಕಲ್ ಎಂಜಿನಿಯರಿಂಗ್ ಸೇರಿದವರಿಗೂ ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದುವವರಿಗೂ ಈ ಚಿತ್ರ ಒಮ್ಮೆ ಎದುರಾಗಿಯೇ ಆಗುತ್ತದೆ. ಅಡ್ಡಕ್ಕೆ ಮಿಶ್ರಣದ ಸಂಯೋಜನೆ (ದ್ರವದ್ದು ಎಕ್ಸ್, ಆವಿಯದು ವೈ), ಉದ್ದಕ್ಕೆ ತಾಪಮಾನ (ಟಿ), ನಡುವೆ ಮಾವಿನೆಲೆಯಂತೆ ಎರಡೂ ತುದಿಯಲ್ಲಿ ಕೂಡಿಕೊಂಡು ಮಧ್ಯದಲ್ಲಿ ಅಗಲವಾದ ಎರಡು ಗೆರೆಗಳು. ಹೆಚ್ಚಿನವರು ಇದನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುತ್ತಾರೆ. ಪ್ರಶ್ನೆಯಲ್ಲಿ ಒಂದು ಸಂಖ್ಯೆ ಬದಲಾದರೆ ಕೈಚೆಲ್ಲುತ್ತಾರೆ. ಹಲವು ವರ್ಷ ಪಾಠ ಮಾಡಿದ ಮೇಲೆ ನನಗೆ ಮನದಟ್ಟಾಗಿರುವುದು ಇದು: ಈ ಚಿತ್ರ ಕಣ್ಣಿನಿಂದ ಬರುವುದಿಲ್ಲ, ಕೈಯಿಂದ ಬರುತ್ತದೆ. ಗ್ರಾಫ್ ಹಾಳೆ, ಸ್ಕೇಲು, ಪೆನ್ಸಿಲ್ ಇಟ್ಟುಕೊಂಡು ಕುಳಿತುಕೊಳ್ಳಿ. ಅಭ್ಯಾಸಕ್ಕೆ ಬೆಂಜೀನ್ ಮತ್ತು ಟೊಲುವೀನ್ ಜೋಡಿ ಸಾಕು. ಬೆಂಜೀನ್ ಕ್ಯಾನ್ಸರ್ ತರುವ ದ್ರವ, ಆದ್ದರಿಂದ ಈ ಜೋಡಿ ಕಾಗದದ ಮೇಲಷ್ಟೇ ಇರಲಿ.

1. ಮೂಲೆಯಲ್ಲಿ ಬರೆದಿರುವ ಒತ್ತಡವನ್ನು ಮೊದಲು ಓದಿ.

ದ್ರವದ ಆವಿಒತ್ತಡ ಹೊರಗಿನ ಒತ್ತಡಕ್ಕೆ ಸಮವಾದಾಗ ಅದು ಕುದಿಯುತ್ತದೆ. ಹೊರಗಿನ ಒತ್ತಡ ಬದಲಾದರೆ ಇಡೀ ಚಿತ್ರವೇ ಮೇಲೆ ಕೆಳಗೆ ಜರುಗುತ್ತದೆ. ಪುಸ್ತಕದ ಚಿತ್ರಗಳು ಸಾಮಾನ್ಯವಾಗಿ 760 ಮಿ.ಮೀ. ಪಾದರಸದ ಒತ್ತಡದವು, ಅಂದರೆ ಸಮುದ್ರಮಟ್ಟದವು. ಮಂಗಳೂರಿನ ಲ್ಯಾಬಿಗೆ ಅವು ಹೊಂದುತ್ತವೆ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ 680 ಮಿ.ಮೀ. ಆಸುಪಾಸು; ನೀರು 97 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಕುದಿಯುತ್ತದೆ. ಲೆಕ್ಕ ಹಾಕಿದರೆ ಬೆಂಜೀನ್ 80.1ರ ಬದಲು ಸುಮಾರು 76.5ಕ್ಕೆ, ಟೊಲುವೀನ್ 110.6ರ ಬದಲು 107ರ ಹತ್ತಿರ ಕುದಿಯಬೇಕು. ಬೆಂಗಳೂರಿನ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ, ನೀರಿನ ಕುದಿಬಿಂದು ಮೂರು ಡಿಗ್ರಿ ಕಡಿಮೆ ಬರುತ್ತಿದೆಯೆಂದು ಎರಡು ಥರ್ಮಾಮೀಟರ್ ಬದಲಿಸಿ ಮೂರನೆಯದಕ್ಕೆ ಕೈಹಾಕಿದ್ದಳು. ಮೂರೂ ಸರಿಯಾಗಿಯೇ ಇದ್ದವು. ಅವಳು ಹೋಲಿಸುತ್ತಿದ್ದ ಸಂಖ್ಯೆ ಸಮುದ್ರದಂಡೆಯದಾಗಿತ್ತು. ಗೋಡೆಯ ಬ್ಯಾರೋಮೀಟರ್ ತೋರಿಸಿದ ಮೇಲೆ ಅವಳು ಒತ್ತಡ ಬರೆಯದೆ ಒಂದು ಗ್ರಾಫನ್ನೂ ಶುರು ಮಾಡಲಿಲ್ಲ.

2. ತುದಿಗಳಿಗೆ ಹೆಸರಿಡಿ.

ಅಡ್ಡ ಅಕ್ಷದಲ್ಲಿರುವುದು ಹೆಚ್ಚು ಬೇಗ ಆವಿಯಾಗುವ ಘಟಕದ, ಇಲ್ಲಿ ಬೆಂಜೀನಿನ, ಮೋಲ್ ಫ್ರಾಕ್ಷನ್. ಎಡ ತುದಿ ಸೊನ್ನೆ, ಶುದ್ಧ ಟೊಲುವೀನ್, 110.6 ಡಿಗ್ರಿ. ಬಲ ತುದಿ ಒಂದು, ಶುದ್ಧ ಬೆಂಜೀನ್, 80.1 ಡಿಗ್ರಿ. ಈ ಎರಡು ಚುಕ್ಕೆ ಇಟ್ಟ ಮೇಲೆ ಮುಂದುವರಿಯಿರಿ.

3. ಕೆಳಗಿನದು ದ್ರವದ ಗೆರೆ, ಮೇಲಿನದು ಆವಿಯ ಗೆರೆ.

ತಣ್ಣಗಿದ್ದರೆ ದ್ರವ, ಬಿಸಿಯಾದರೆ ಆವಿ. ಆದ್ದರಿಂದ ಕೆಳಗಿನ ಗೆರೆಗಿಂತ ಕೆಳಗೆ ಎಲ್ಲವೂ ದ್ರವ, ಮೇಲಿನ ಗೆರೆಗಿಂತ ಮೇಲೆ ಎಲ್ಲವೂ ಆವಿ. ಕಾಯಿಸುತ್ತ ಹೋದಾಗ ಮೊದಲ ಗುಳ್ಳೆ ಏಳುವುದು ಕೆಳಗಿನ ಗೆರೆಯ ಮೇಲೆ, ಹಾಗಾಗಿ ಅದು ಬಬಲ್ ಪಾಯಿಂಟ್ ಗೆರೆ. ಆವಿಯನ್ನು ತಣಿಸುತ್ತ ಬಂದಾಗ ಇಬ್ಬನಿಯಂತೆ ಮೊದಲ ಹನಿ ಕಟ್ಟುವುದು ಮೇಲಿನ ಗೆರೆಯ ಮೇಲೆ, ಅದು ಡ್ಯೂ ಪಾಯಿಂಟ್ ಗೆರೆ. ಒತ್ತಡವನ್ನು ಉದ್ದಕ್ಕೆ ಇಟ್ಟು ಬರೆಯುವ ಚಿತ್ರದಲ್ಲಿ ಇದು ತಲೆಕೆಳಗಾಗುತ್ತದೆ, ದ್ರವ ಮೇಲೆ ಹೋಗುತ್ತದೆ. ಪರೀಕ್ಷೆಯಲ್ಲಿ ಗೊಂದಲವಾಗುವುದು ಬಹುಪಾಲು ಇಲ್ಲೇ.

4. ಚಿತ್ರವನ್ನು ನಕಲು ಮಾಡಬೇಡಿ, ಲೆಕ್ಕ ಹಾಕಿ ಬರೆಯಿರಿ.

ಒಮ್ಮೆ ಸ್ವಂತ ಕೈಯಿಂದ ಬರೆದರೆ ಅರ್ಧ ಭಯ ಹೋಗುತ್ತದೆ. ಬೆಂಜೀನ್ ಮತ್ತು ಟೊಲುವೀನ್ ಅಣುಗಳು ಒಂದೇ ಮನೆತನದವು, ಆದ್ದರಿಂದ ಫ್ರೆಂಚ್ ವಿಜ್ಞಾನಿ ರೌಲ್ 1880ರ ದಶಕದಲ್ಲಿ ಕಂಡುಕೊಂಡ ನಿಯಮವನ್ನು ಹೆಚ್ಚುಕಡಿಮೆ ಪಾಲಿಸುತ್ತವೆ: ಮಿಶ್ರಣದ ಮೇಲೆ ಒಂದು ಘಟಕದ ಆವಿಒತ್ತಡ, ಅದು ಒಂಟಿಯಾಗಿದ್ದಾಗಿನ ಆವಿಒತ್ತಡವನ್ನು ದ್ರವದಲ್ಲಿ ಅದರ ಪಾಲಿನಿಂದ ಗುಣಿಸಿದಷ್ಟು.

95 ಡಿಗ್ರಿ ತೆಗೆದುಕೊಳ್ಳಿ. ಅಲ್ಲಿ ಬೆಂಜೀನಿನ ಆವಿಒತ್ತಡ ಸುಮಾರು 1168 ಮಿ.ಮೀ., ಟೊಲುವೀನಿನದು 475. ಎರಡೂ ಸೇರಿ 760 ಆಗಬೇಕು. ಒಟ್ಟು ಒತ್ತಡದಿಂದ ಟೊಲುವೀನಿನದನ್ನು ಕಳೆಯಿರಿ: 285. ಎರಡು ಆವಿಒತ್ತಡಗಳ ಅಂತರ 693. 285ನ್ನು 693ರಿಂದ ಭಾಗಿಸಿದರೆ 0.411, ಇದು ದ್ರವದಲ್ಲಿ ಬೆಂಜೀನಿನ ಪಾಲು. ಅದನ್ನು 1168ರಿಂದ ಗುಣಿಸಿ 760ರಿಂದ ಭಾಗಿಸಿದರೆ 0.632, ಇದು ಆವಿಯಲ್ಲಿ ಬೆಂಜೀನಿನ ಪಾಲು. ಒಂದೇ ಎತ್ತರದಲ್ಲಿ ಎರಡು ಚುಕ್ಕೆ ಸಿಕ್ಕವು.

ಇದೇ ರೀತಿ 85 ಡಿಗ್ರಿಯಲ್ಲಿ 0.780 ಮತ್ತು 0.900, 90ರಲ್ಲಿ 0.581 ಮತ್ತು 0.777, 100ರಲ್ಲಿ 0.258 ಮತ್ತು 0.456, 105ರಲ್ಲಿ 0.130 ಮತ್ತು 0.261 ಬರುತ್ತವೆ. ಹತ್ತು ಚುಕ್ಕೆ, ಎರಡು ತುದಿ. ಸೇರಿಸಿದರೆ ಮಾವಿನೆಲೆ ತಯಾರು. ಲೆಕ್ಕ ಅರ್ಧ ಗಂಟೆಯದು, ಆದರೆ ಬೆಂಜೀನ್ ಏಕೆ ಆವಿಯಲ್ಲಿ ಹೆಚ್ಚು ಸೇರುತ್ತದೆ ಎಂಬುದಕ್ಕೆ ಉತ್ತರ ಆ ಗುಣಾಕಾರದಲ್ಲೇ ಇದೆ: 1168, 760ಕ್ಕಿಂತ ದೊಡ್ಡದು.

5. ಸ್ಕೇಲನ್ನು ಅಡ್ಡ ಹಿಡಿಯಿರಿ.

ಸಮತೋಲದಲ್ಲಿರುವ ಆವಿ ಮತ್ತು ದ್ರವಕ್ಕೆ ತಾಪಮಾನ ಒಂದೇ, ಸಂಯೋಜನೆ ಬೇರೆ. ಹಾಗಾಗಿ ಜೊತೆಗಾರರನ್ನು ಹುಡುಕುವ ಗೆರೆ ಯಾವಾಗಲೂ ಅಡ್ಡ. ಇದಕ್ಕೆ ಟೈ ಲೈನ್ ಎನ್ನುತ್ತಾರೆ. ಅದರ ಎಡ ತುದಿ ದ್ರವವನ್ನು, ಬಲ ತುದಿ ಆವಿಯನ್ನು ಮುಟ್ಟುತ್ತದೆ. ಒಂದೇ ಲಂಬ ಗೆರೆಯ ಮೇಲೆ ಕೆಳಗೊಂದು ಮೇಲೊಂದು ಚುಕ್ಕೆ ಇಟ್ಟು ಇವೇ ಸಮತೋಲದ ಜೋಡಿ ಎಂದು ಬರೆದ ಉತ್ತರಪತ್ರಿಕೆಗಳನ್ನು ಲೆಕ್ಕವಿಲ್ಲದಷ್ಟು ತಿದ್ದಿದ್ದೇನೆ. ಆ ಮಕ್ಕಳ ಪೂರ್ತಿ ಲೆಕ್ಕ ಆ ಒಂದು ಗೆರೆಗೆ ಹೋಗುವುದನ್ನು ನೋಡಿದಾಗ ಸಂಕಟವಾಗುತ್ತದೆ.

6. ಒಂದು ಪಾತ್ರೆಯನ್ನು ಮನಸ್ಸಿನಲ್ಲೇ ಕಾಯಿಸಿ ನೋಡಿ.

ಅರ್ಧ ಬೆಂಜೀನ್, ಅರ್ಧ ಟೊಲುವೀನ್ ಇರುವ ದ್ರವವನ್ನು ಮುಚ್ಚಿದ ಪಾತ್ರೆಯಲ್ಲಿ, ಒತ್ತಡ ಬದಲಾಗದಂತೆ ಕಾಯಿಸುತ್ತಿದ್ದೀರಿ. ಏನೂ ಹೊರಗೆ ಹೋಗುವುದಿಲ್ಲ, ಆದ್ದರಿಂದ ಪೆನ್ಸಿಲ್ 0.5ರ ಲಂಬ ಗೆರೆಯ ಮೇಲೆಯೇ ಏರಬೇಕು. 85 ಡಿಗ್ರಿ: ಇನ್ನೂ ಬರೀ ದ್ರವ. 92ಕ್ಕೆ ಕೆಳಗೆರೆ ಮುಟ್ಟಿತು, ಮೊದಲ ಗುಳ್ಳೆ ಎದ್ದಿತು. ಆ ಗುಳ್ಳೆಯೊಳಗೆ ಅರ್ಧಕ್ಕರ್ಧ ಇರುವುದಿಲ್ಲ. ಅಡ್ಡ ಗೆರೆ ಎಳೆದು ನೋಡಿ, 0.71 ಪಾಲು ಬೆಂಜೀನ್. ಬೆಂಜೀನ್ ಹೆಚ್ಚು ಹೊರಟುಹೋದದ್ದರಿಂದ ಉಳಿದ ದ್ರವದಲ್ಲಿ ಟೊಲುವೀನ್ ಹೆಚ್ಚಾಯಿತು. ಅದನ್ನು ಕುದಿಸಲು ಇನ್ನಷ್ಟು ಬಿಸಿ ಬೇಕು. ತಾಪಮಾನ ಏರುತ್ತದೆ, ದ್ರವದ ಚುಕ್ಕೆ ಕೆಳಗೆರೆಯ ಮೇಲೆ ಎಡಕ್ಕೆ ಹತ್ತುತ್ತದೆ, ಆವಿಯ ಚುಕ್ಕೆ ಮೇಲ್ಗೆರೆಯ ಮೇಲೆ ಎಡಕ್ಕೇ ಹತ್ತುತ್ತದೆ. ಸುಮಾರು 99 ಡಿಗ್ರಿಗೆ ಪೆನ್ಸಿಲ್ ಮೇಲ್ಗೆರೆ ಮುಟ್ಟುತ್ತದೆ. ಆಗ ತಳದಲ್ಲಿ ಉಳಿದಿರುವ ಕೊನೆಯ ಹನಿಯಲ್ಲಿ ಬೆಂಜೀನ್ 0.29 ಮಾತ್ರ. ಅದೂ ಆವಿಯಾದಾಗ ಆವಿ ಮತ್ತೆ ಅರ್ಧಕ್ಕರ್ಧ.

ಶುದ್ಧ ದ್ರವಕ್ಕೆ ಕುದಿಬಿಂದು ಒಂದು. ಮಿಶ್ರಣ 92ರಲ್ಲಿ ಕುದಿಯಲು ತೊಡಗಿ 99ರಲ್ಲಿ ಮುಗಿಸುತ್ತದೆ. ಈ ಏಳು ಡಿಗ್ರಿಯ ಹಾದಿ ಅರ್ಥವಾದವರಿಗೆ ಬಟ್ಟಿ ಇಳಿಸುವ ವಿದ್ಯೆಯ ಬಾಗಿಲು ತೆರೆಯಿತು ಎಂದೇ ನಾನು ತಿಳಿಯುತ್ತೇನೆ. ಆತುರ ಬೇಡ, ಇದನ್ನು ಎರಡು ಮೂರು ಸಲ ಮಾಡಿ. ಒಮ್ಮೆ ಮೇಲಿನಿಂದ ಕೆಳಕ್ಕೆ, ಆವಿಯನ್ನು ತಣಿಸುತ್ತಲೂ ಬನ್ನಿ.

7. ಸನ್ನೆಗೋಲಿನ ನಿಯಮದಲ್ಲಿ ಎದುರಿನ ತೋಳನ್ನು ಹಿಡಿಯಿರಿ.

ಅದೇ ಮಿಶ್ರಣ 95 ಡಿಗ್ರಿಯಲ್ಲಿದೆ. ಎಷ್ಟು ಆವಿ, ಎಷ್ಟು ದ್ರವ? ಟೈ ಲೈನನ್ನು ಒಂದು ಸನ್ನೆಗೋಲೆಂದು ನೋಡಿ: ಒಂದು ತುದಿ 0.411, ಇನ್ನೊಂದು 0.632, ಆಧಾರ 0.5ರಲ್ಲಿ. ಭಾರ ಹೆಚ್ಚಿರುವ ಕಡೆಯ ತೋಳು ಗಿಡ್ಡ. ಆವಿಯ ಪಾಲು ಬೇಕಾದರೆ ದ್ರವದ ಕಡೆಯ ತೋಳನ್ನು ಅಳೆಯಬೇಕು: 0.5ರಿಂದ 0.411 ಕಳೆದರೆ 0.089. ಇಡೀ ಕೋಲು 0.221. ಭಾಗಿಸಿದರೆ 0.40. ನೂರು ಮೋಲಿನಲ್ಲಿ ಆವಿ 40, ದ್ರವ 60.

ತಾಳೆ ನೋಡದೆ ಪೆನ್ನು ಇಡಬೇಡಿ. ಆವಿಯಲ್ಲಿ ಬೆಂಜೀನ್ 40ರಲ್ಲಿ 25.3 ಮೋಲ್, ದ್ರವದಲ್ಲಿ 60ರಲ್ಲಿ 24.7. ಕೂಡಿಸಿದರೆ ನಾವು ಹಾಕಿದ 50 ಮೋಲ್ ಬಂತು. ತೋಳು ಅದಲುಬದಲಾಗಿದ್ದರೆ ಈ ಕೂಡಿಕೆ ತಾನೇ ಹೇಳುತ್ತದೆ.

8. ಪ್ರಮಾಣ ಬದಲಾದರೂ ಜೋಡಿ ಬದಲಾಗದು ಎಂಬುದನ್ನು ನಂಬಿ.

95 ಡಿಗ್ರಿಯಲ್ಲಿ ನೀವು ಹಾಕಿದ ಮಿಶ್ರಣ 0.45 ಇರಲಿ, 0.6 ಇರಲಿ, ದ್ರವ 0.411 ಮತ್ತು ಆವಿ 0.632 ಆಗಿಯೇ ಇರುತ್ತವೆ. ಬದಲಾಗುವುದು ಯಾವುದು ಎಷ್ಟಿದೆ ಎಂಬುದಷ್ಟೇ. ಇದು ಅಮೆರಿಕದ ಗಿಬ್ಸ್ 1870ರ ದಶಕದಲ್ಲಿ ಕೊಟ್ಟ ಫೇಸ್ ರೂಲ್‌ನ ಮಾತು: ಎರಡು ಘಟಕ, ಎರಡು ಪ್ರಾವಸ್ಥೆ ಇದ್ದಾಗ ನಮ್ಮ ಕೈಗೆ ಎರಡೇ ಸ್ವಾತಂತ್ರ್ಯ. ಒಂದನ್ನು ಒತ್ತಡಕ್ಕೆ ಕೊಟ್ಟಿರಿ, ಇನ್ನೊಂದನ್ನು ತಾಪಮಾನಕ್ಕೆ. ಉಳಿದದ್ದು ಪ್ರಕೃತಿಯ ತೀರ್ಮಾನ.

9. ಮೆಟ್ಟಿಲು ಕಟ್ಟಿ.

0.5ರ ದ್ರವದಿಂದ ಅಡ್ಡಕ್ಕೆ ಹೋಗಿ 0.71ರ ಆವಿ ಹಿಡಿಯಿರಿ. ಅದನ್ನು ತಣಿಸಿ ದ್ರವ ಮಾಡಿ, ಅಂದರೆ ಲಂಬವಾಗಿ ಕೆಳಗೆರೆಗೆ ಇಳಿಯಿರಿ. ಮತ್ತೆ ಅಡ್ಡಕ್ಕೆ: 0.86. ಮತ್ತೆ ಇಳಿದು ಅಡ್ಡಕ್ಕೆ: 0.94. ಮೂರೇ ಮೆಟ್ಟಿಲಿನಲ್ಲಿ ಅರ್ಧದಿಂದ ನೂರಕ್ಕೆ 94. ಬಟ್ಟಿ ಕಾಲಮ್ಮಿನ ಒಳಗೆ ಒಂದರ ಮೇಲೊಂದು ಇರುವ ತಟ್ಟೆಗಳು ಮಾಡುವ ಕೆಲಸ ಇದೇ. ಮುಂದೆ ನೀವು ಕಲಿಯುವ ಮೆಕ್‌ಕೇಬ್-ಥೀಲ್ ವಿಧಾನ 1925ರದು. ಅದರ ಬೇರು ಈ ಎಲೆಯೊಳಗಿನ ಮೆಟ್ಟಿಲು.

10. ಗೆರೆಗಳು ನಡುವೆ ಎಲ್ಲಿಯಾದರೂ ಕೂಡಿವೆಯೇ ನೋಡಿ.

ಎಲ್ಲ ಜೋಡಿಗಳೂ ಬೆಂಜೀನ್-ಟೊಲುವೀನಿನಷ್ಟು ಸಾಧುವಲ್ಲ. ಎಥನಾಲ್ ಮತ್ತು ನೀರಿನ ಚಿತ್ರ ಬರೆಯಿರಿ. ಎಡಗಡೆ ಎಲೆ ಬಹಳ ಅಗಲ: ದ್ರವದಲ್ಲಿ ಎಥನಾಲ್ 0.07 ಇರುವಾಗ ಆವಿಯಲ್ಲಿ ಸುಮಾರು 0.39. ಬಲಕ್ಕೆ ಬಂದಂತೆ ಸೊರಗುತ್ತದೆ: ದ್ರವದಲ್ಲಿ 0.75 ಇದ್ದರೆ ಆವಿಯಲ್ಲಿ 0.78. ಕೊನೆಗೆ 0.89ರ ಹತ್ತಿರ, 78.2 ಡಿಗ್ರಿಯಲ್ಲಿ ಎರಡು ಗೆರೆಗಳೂ ಕೂಡಿಬಿಡುತ್ತವೆ. ಅಲ್ಲಿ ಆವಿ ಮತ್ತು ದ್ರವದ ಸಂಯೋಜನೆ ಒಂದೇ. ಎಷ್ಟು ಕುದಿಸಿದರೂ ಬೇರೆಯಾಗುವುದಿಲ್ಲ. ಇದು ಅಜಿಯೋಟ್ರೋಪ್. ತೂಕದ ಲೆಕ್ಕದಲ್ಲಿ ಇದು ಶೇ. 95.6 ಎಥನಾಲ್. ಮೋಲ್ ಮತ್ತು ತೂಕ ಬೆರೆತು ಹೋಗದಂತೆ ಅಕ್ಷದ ಕೆಳಗೆ ಯಾವುದೆಂದು ಬರೆಯಿರಿ.

ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳ ಪಕ್ಕದ ಡಿಸ್ಟಿಲರಿಗಳಿಗೆ ಈ ಚುಕ್ಕೆ ದಿನನಿತ್ಯದ ಸಂಗತಿ. ಕಾಕಂಬಿ ಹುದುಗಿಸಿ ಬಟ್ಟಿ ಇಳಿಸಿದರೆ ಈ ಚುಕ್ಕೆಯ ಹತ್ತಿರದ ರೆಕ್ಟಿಫೈಡ್ ಸ್ಪಿರಿಟ್‌ವರೆಗೆ ಬರಬಹುದು. ಪೆಟ್ರೋಲಿಗೆ ಬೆರೆಸಲು ಶೇ. 99ಕ್ಕೂ ಮೀರಿದ ಶುದ್ಧತೆ ಬೇಕು. ಅದಕ್ಕೇ ಕೊನೆಯ ನೀರನ್ನು ಮಾಲಿಕ್ಯುಲರ್ ಸೀವ್ ಹೀರುತ್ತದೆ. ಅದರ 3 ಆಂಗ್‌ಸ್ಟ್ರಾಮ್ ರಂಧ್ರಕ್ಕೆ ನೀರಿನ ಅಣು ನುಗ್ಗುತ್ತದೆ, ಎಥನಾಲಿನದು ನುಗ್ಗದು.

ಎಥನಾಲ್-ನೀರಿನದು ತಗ್ಗಿನಲ್ಲಿ ಕೂಡುವ ಜೋಡಿ. ನೈಟ್ರಿಕ್ ಆಮ್ಲ ಮತ್ತು ನೀರು ಶಿಖರದಲ್ಲಿ ಕೂಡುತ್ತವೆ: ತೂಕದಲ್ಲಿ ಶೇ. 68 ಆಮ್ಲ, 120.5 ಡಿಗ್ರಿ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಶೇ. 20.2, 108.6 ಡಿಗ್ರಿ. ನೀವು ಬರೆದ ಚಿತ್ರದಲ್ಲಿ ಗೆರೆಗಳು ಇಳಿಜಾರಿನ ನಡುವೆ ಎಲ್ಲೋ ಮುಟ್ಟಿಕೊಂಡಿದ್ದರೆ ತಪ್ಪಿದೆ ಎಂದೇ ಅರ್ಥ. ತುದಿಗಳನ್ನು ಬಿಟ್ಟರೆ ಅವು ಕೂಡುವುದು ತಗ್ಗಿನ ತಳದಲ್ಲಿ ಅಥವಾ ಶಿಖರದ ನೆತ್ತಿಯಲ್ಲಿ ಮಾತ್ರ. ರಷ್ಯಾದ ಕೊನೊವಾಲೊವ್ 1881ರಲ್ಲಿ ತೋರಿಸಿಕೊಟ್ಟ ನಿಯಮವಿದು.

11. ಒತ್ತಡ ಇಳಿಸಿ ಚಿತ್ರವನ್ನು ಮತ್ತೆ ಬರೆಯಿರಿ.

ಮೊದಲ ಸೂತ್ರಕ್ಕೆ ಮರಳಿ ಬನ್ನಿ. ಈಗ 760ರ ಜಾಗದಲ್ಲಿ 380 ಹಾಕಿ ಬೆಂಜೀನ್-ಟೊಲುವೀನ್ ಲೆಕ್ಕ ಮಾಡಿ. ಎಲೆ ಕೆಳಕ್ಕೆ ಇಳಿಯುವುದಷ್ಟೇ ಅಲ್ಲ, ತುಸು ಅಗಲವೂ ಆಗುತ್ತದೆ. ಎಥನಾಲ್-ನೀರಿನಲ್ಲಿ ಇನ್ನೂ ಸ್ವಾರಸ್ಯ. ಒತ್ತಡ ಇಳಿದಂತೆ ಅಜಿಯೋಟ್ರೋಪ್ ಬಲಕ್ಕೆ ಜರುಗುತ್ತ, ಸುಮಾರು 70 ಮಿ.ಮೀ. ಹತ್ತಿರ ತುದಿ ಸೇರಿ ಮಾಯವಾಗುತ್ತದೆ. ಹಾಗಾದರೆ ನಿರ್ವಾತದಲ್ಲೇ ಬಟ್ಟಿ ಇಳಿಸಬಹುದಲ್ಲ ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಆ ಪ್ರಶ್ನೆ ಬಂದ ದಿನ ನನಗೆ ಹಬ್ಬ. ಚಿತ್ರವೇ ಉತ್ತರ ಕೊಡುತ್ತದೆ: ಬಲ ತುದಿಯಲ್ಲಿ ಗೆರೆಗಳು ಬಿಡಿಯಾದರೂ ನಡುವಿನ ಸಂದು ಕೂದಲೆಳೆಯಷ್ಟೇ. ಅಲ್ಲಿ ಮೆಟ್ಟಿಲು ಕಟ್ಟಿ ನೋಡಿ, ಎಣಿಸುವಷ್ಟರಲ್ಲಿ ಪೆನ್ಸಿಲ್ ಮೊಂಡಾಗಿರುತ್ತದೆ.