ತಾನು, ನಾನು: ಕಡೂರು–ತರೀಕೆರೆ–ಅಜ್ಜಂಪುರ ಪರಿಸರದ ಮೂರು ಪಠ್ಯಗಳಲ್ಲಿ ಆತ್ಮಭಾವದ ಸ್ವರೂಪ

ಮನುಷ್ಯ ತನ್ನನ್ನು ತಾನು ಹೇಗೆ ಅರಿಯುತ್ತಾನೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಬಹುಮಟ್ಟಿಗೆ ದರ್ಶನಶಾಸ್ತ್ರಕ್ಕೆ ಬಿಟ್ಟುಕೊಡಲಾಗಿದೆ. ಆತ್ಮ, ಜೀವ, ಅಹಂಕಾರಗಳ ಚರ್ಚೆಗೆ ದೊರೆತ ಮನ್ನಣೆ, ಸಾಮಾನ್ಯ ವ್ಯಕ್ತಿಯೊಬ್ಬ ‘ನಾನು ಇಂಥವನು’, ‘ನಾನು ಇಂಥವಳು’ ಎಂದುಕೊಳ್ಳುವ ದಿನನಿತ್ಯದ ಅರಿವಿಗೆ ದೊರೆತಿಲ್ಲ. ಈ ಅರಿವು ಏಕಾಂತದಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಇತರರ ಮಾತಿನಲ್ಲಿ ಹುಟ್ಟುತ್ತದೆ. ಹೊಸದೊಂದು ಆತ್ಮಭಾವ ಬದುಕಿ ಉಳಿಯಬೇಕಾದರೆ ಅದನ್ನು ಗುರುತಿಸುವ ನೆಲೆಯೊಂದು ಹೊರಗಡೆ ಇರಬೇಕಾಗುತ್ತದೆ. ಈ ವಿಚಾರವನ್ನು ಕಡೂರು, ತರೀಕೆರೆ, ಅಜ್ಜಂಪುರಗಳಿಗೆ ಸಂಬಂಧಿಸಿದ ಮೂರು ಪಠ್ಯಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಆಡಳಿತ ಕೇಂದ್ರ ಮಾತ್ರ 1865ರಲ್ಲಿಯೇ ಚಿಕ್ಕಮಗಳೂರಿಗೆ ಹೋಗಿತ್ತು. ಅಜ್ಜಂಪುರ ಈಚೆಗೆ ಪ್ರತ್ಯೇಕ ತಾಲ್ಲೂಕಾಗುವವರೆಗೆ ತರೀಕೆರೆಗೆ ಸೇರಿತ್ತು. ಊರುಗಳು ಕೂಡ ತಮ್ಮ ಗುರುತನ್ನು ತಾವೇ ಆರಿಸಿಕೊಳ್ಳುವುದಿಲ್ಲ.

ಪಾಶ್ಚಾತ್ಯ ಸಮಾಜಶಾಸ್ತ್ರದಲ್ಲಿ ಚಾರ್ಲ್ಸ್ ಕೂಲಿ 1902ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಇತರರ ಕಣ್ಣು ನಮಗೆ ಕನ್ನಡಿಯಾಗುತ್ತದೆ ಎಂಬ ವಿಚಾರವನ್ನು ಮುಂದಿಟ್ಟ. ಜಾರ್ಜ್ ಹರ್ಬರ್ಟ್ ಮೀಡ್‌ನ ಉಪನ್ಯಾಸಗಳು 1934ರಲ್ಲಿ ಗ್ರಂಥರೂಪ ಪಡೆದಾಗ ಈ ವಿಚಾರ ಇನ್ನಷ್ಟು ಖಚಿತವಾಯಿತು. ಕನ್ನಡದ ವಾಕ್ಯರಚನೆ ಇದನ್ನು ತನ್ನದೇ ರೀತಿಯಲ್ಲಿ ಬಲ್ಲದು. ‘ನಾನು’ ಎಂಬುದು ಮಾತನಾಡುವವನ ಪದ. ‘ತಾನು’ ಹಾಗಲ್ಲ. ‘ಅವಳು ತಾನು ಬರುವುದಿಲ್ಲವೆಂದಳು’ ಎಂಬ ವಾಕ್ಯದಲ್ಲಿ ‘ತಾನು’ ಅವಳನ್ನೇ ಸೂಚಿಸಿದರೂ ಆ ಮಾತನ್ನು ಆಡುತ್ತಿರುವವರು ಬೇರೆ. ಬೇರೊಬ್ಬರು ಹೆಸರಿಸಿದ ಮೇಲೆ ದೊರೆಯುವ ಸ್ವತ್ವ ಅದು. ನಮ್ಮ ಶಾಸನಗಳೆಲ್ಲ ಬಹುಮಟ್ಟಿಗೆ ಈ ‘ತಾನು’ವಿನ ಲೋಕಕ್ಕೆ ಸೇರಿದವು.

ಕಡೂರಿನ ಕ್ರಿ.ಶ. 971ರ ಶಾಸನ ಇದಕ್ಕೆ ಉತ್ತಮ ನಿದರ್ಶನ. ಬಿ. ಎಲ್. ರೈಸ್ ಅವರು ಕಡೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ 1901ರಲ್ಲಿ ಹೊರತಂದಾಗ ಇದು ವಿದ್ವಾಂಸರ ಗಮನಕ್ಕೆ ಬಂತು. ಇದು ಪಾಂಬಬ್ಬೆಯೆಂಬ ಸ್ತ್ರೀಯ ಸ್ಮಾರಕ. ಆಕೆ ಗಂಗ ದೊರೆ ಬೂತುಗನ ಅಕ್ಕ; ಪಡಿಯರ ದೋರಪಯ್ಯನ ಮಡದಿ. ಜೈನ ಸಂನ್ಯಾಸವನ್ನು ಸ್ವೀಕರಿಸಿ, ಕೇಶಲುಂಚನ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸನ್ನಾಚರಿಸಿ ಮುಡಿಪಿದಳು. ಇಲ್ಲಿ ಎರಡು ಪಾಂಬಬ್ಬೆಯರಿದ್ದಾರೆ. ಒಬ್ಬಳು ತಮ್ಮನಿಂದ, ಗಂಡನಿಂದ ಗುರುತು ಪಡೆದವಳು. ಇನ್ನೊಬ್ಬಳು ತನ್ನ ಕೈಯಿಂದಲೇ ತಲೆಗೂದಲು ಕಿತ್ತು ಆ ಗುರುತುಗಳನ್ನು ಕಳಚಿಕೊಂಡವಳು. ಆದರೆ ಕಳಚಿಕೊಂಡವಳನ್ನು ಲೋಕಕ್ಕೆ ತಿಳಿಸಬೇಕಾದಾಗ ಕಲ್ಲು ಮತ್ತೆ ತಮ್ಮನನ್ನೂ ಗಂಡನನ್ನೂ ಕರೆಯುತ್ತದೆ. ತ್ಯಾಗದ ಅಳತೆ ತಿಳಿಯುವುದು ತ್ಯಜಿಸಿದ್ದರ ಹೆಸರು ಹೇಳಿದಾಗಲೇ ಎಂಬುದು ಇದಕ್ಕೆ ಒಂದು ಸಮಾಧಾನ. ಅರಮನೆಯವರಿಗೆ ಆಕೆಯನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ ಎಂಬ ಅನುಮಾನವನ್ನೂ ತಳ್ಳಿಹಾಕುವಂತಿಲ್ಲ.

ನಮ್ಮ ಚರ್ಚೆಗೆ ಮುಖ್ಯವಾದುದು ಬೇರೆ. ಪಾಂಬಬ್ಬೆ ರಾಣಿವಾಸದ ಹೆಂಗಸಾಗಿದ್ದವಳು ಕಂತಿಯಾದಾಗ ಆ ಹೊಸ ಸ್ವತ್ವಕ್ಕೆ ಸಿದ್ಧವಾದ ಸ್ಥಾನವೊಂದು ಸಮಾಜದಲ್ಲಿತ್ತು. ಮುನ್ನವೇ ಸಂನ್ಯಾಸಿನಿಯರಿದ್ದರು, ವ್ರತಗಳಿದ್ದವು, ಹೊಸಬಳನ್ನು ಹೇಗೆ ಕರೆಯಬೇಕು, ಆಕೆಯೆದುರು ಹೇಗೆ ನಿಲ್ಲಬೇಕು ಎಂಬುದು ಜನಕ್ಕೆ ತಿಳಿದಿತ್ತು. ‘ನಾನು ಇನ್ನು ಆ ಹಿಂದಿನವಳಲ್ಲ’ ಎಂಬ ಮಾತನ್ನು ಆಕೆ ಒಮ್ಮೆ ಆಡಿದಳು; ಲೋಕ ಅದನ್ನು ಮೂವತ್ತು ವರ್ಷ ನಂಬಿತು. ಈ ನಂಬಿಕೆಯಿಲ್ಲದೆ ಬರಿಯ ಸಂಕಲ್ಪ ಎಷ್ಟು ದಿನ ತಾಳುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟ.

ತರೀಕೆರೆಯ ನೆರೆಯ ಅಮೃತಾಪುರದಲ್ಲಿ ಆತ್ಮಭಾವದ ಇನ್ನೊಂದು ಗತಿಯನ್ನು ಕಾಣುತ್ತೇವೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಇಲ್ಲಿ ಕಟ್ಟಿಸಿದ ಗುಡಿಯ ದೇವರು ಅಮೃತೇಶ್ವರ. ದಂಡನಾಯಕನ ಹೆಸರೂ ಅದೇ. ಹೆಸರು ಮನುಷ್ಯನಿಂದ ದೇವರಿಗೆ, ದೇವರಿಂದ ಊರಿಗೆ ಹರಿಯಿತು. ಇಂದು ಅಲ್ಲಿಗೆ ಬರುವವರಲ್ಲಿ ಎಷ್ಟು ಮಂದಿ ಆ ದಂಡನಾಯಕನನ್ನು ನೆನೆಯುತ್ತಾರೆ? ಗುಡಿಗೆ ಸಂಬಂಧಿಸಿದ 1197ರ ಶಾಸನವನ್ನು ರಚಿಸಿದವನು ಕವಿ ಜನ್ನ. ಹನ್ನೆರಡು ವರ್ಷಗಳ ಅನಂತರ, 1209ರಲ್ಲಿ, ಅದೇ ಜನ್ನ ‘ಯಶೋಧರ ಚರಿತೆ’ಯನ್ನು ಬರೆದ. ಹೊರಗಿನ ಕೀರ್ತಿಯನ್ನು ಕಲ್ಲಿಗೆ ಕೊಟ್ಟ ಕವಿ ಇಲ್ಲಿ ಒಳಗಿನ ಸಂಕಲ್ಪವನ್ನು ಕೆದಕುತ್ತಾನೆ. ತಾಯಿಯ ಒತ್ತಾಯಕ್ಕೆ ಮಣಿದು ಯಶೋಧರ ಬಲಿಕೊಡುವುದು ಹಿಟ್ಟಿನ ಕೋಳಿಯನ್ನು. ಜೀವಹಾನಿಯ ಉದ್ದೇಶದಿಂದ ಮಾಡಿದ ಬಲಿಯಾದ್ದರಿಂದ ಅದು ಕೊಲೆಯೇ ಆಗಿ, ಜನ್ಮಜನ್ಮಾಂತರಗಳಲ್ಲಿ ಅವನನ್ನು ಹಿಂಬಾಲಿಸುತ್ತದೆ. ಕೃತ್ಯಕ್ಕೆ ಕರ್ತೃವನ್ನು ಒದಗಿಸುವುದು ಸಂಕಲ್ಪ ಎಂಬುದು ಕಾವ್ಯದ ನಿಲುವು.

ಈ ನಿಲುವು ಏಳು ಶತಮಾನಗಳ ಬಳಿಕ ಅಜ್ಜಂಪುರದ ಲೇಖಕರೊಬ್ಬರ ಕತೆಯಲ್ಲಿ ತಲೆಕೆಳಗಾಗುತ್ತದೆ. ‘ಆನಂದ’ ಎಂಬ ಕಾವ್ಯನಾಮದ ಅಜ್ಜಂಪುರ ಸೀತಾರಾಂ (1902–1963) ನವೋದಯದ ಪ್ರಮುಖ ಕತೆಗಾರರಲ್ಲೊಬ್ಬರು. ಊರ ಹೆಸರನ್ನು ತನ್ನ ಹೆಸರಿನ ಮುಂದಿಡುವುದು ಹಳೆಯ ಮೈಸೂರಿನ ರೂಢಿ. ಅದು ವ್ಯಕ್ತಿಗಿಂತ ಮೊದಲು ನೆಲವನ್ನು ಹೇಳುತ್ತದೆ. ಕಾವ್ಯನಾಮವಾದರೋ ಸ್ವಯಂ ಆರಿಸಿಕೊಂಡದ್ದು. (ಬೇಂದ್ರೆಯವರು ‘ಅಂಬಿಕಾತನಯದತ್ತ’ ಎಂದು ಆರಿಸಿಕೊಂಡಾಗ ಅಲ್ಲಿಯೂ ತಾಯಿಯನ್ನೇ ಮುಂದಿಟ್ಟರು ಎಂಬುದು ಸ್ವಾರಸ್ಯಕರ.) ಆನಂದರ ಹೆಸರನ್ನು ಉಳಿಸಿರುವ ಕತೆ ‘ನಾನು ಕೊಂದ ಹುಡುಗಿ’. ಅದರ ಘಟನೆ ಅಜ್ಜಂಪುರದಲ್ಲಿ ನಡೆಯುವುದಿಲ್ಲ; ಊರಿನ ನಂಟು ಲೇಖಕರ ಹೆಸರಿನದು ಮಾತ್ರ.

ಕತೆ ಸರಳವಾಗಿದೆ. ಪ್ರವಾಸದಲ್ಲಿರುವ ವಿದ್ಯಾವಂತನೊಬ್ಬ ಹಳ್ಳಿಯ ಮನೆಯೊಂದರಲ್ಲಿ ಅತಿಥಿಯಾಗಿ ಉಳಿಯುತ್ತಾನೆ. ಆ ಮನೆಯ ಮಗಳು ಚೆನ್ನಿಯನ್ನು ಬಸವಿ ಬಿಡಲಾಗಿದೆ. ಅತಿಥಿಯ ಬಳಿಗೆ ಬಂದ ಅವಳಿಗೆ ಆತ ತಿಳಿಹೇಳುತ್ತಾನೆ: ಇದು ಧರ್ಮವಲ್ಲ, ಪಾಪ. ಅವಳು ಕೇಳುತ್ತಾಳೆ, ನಂಬುತ್ತಾಳೆ. ಬೆಳಗಾಗುವುದರೊಳಗೆ ಪ್ರಾಣ ಕಳೆದುಕೊಳ್ಳುತ್ತಾಳೆ.

ಬಸವಿ ಪದ್ಧತಿಯಲ್ಲಿ ಹೆಣ್ಣುಮಗಳನ್ನು ಹರಕೆಗಾಗಿ ದೇವರಿಗೆ ಬಿಡುತ್ತಿದ್ದರು. ಅವಳು ಮದುವೆಯಿಲ್ಲದೆ ತವರಿನಲ್ಲೇ ಉಳಿಯುತ್ತಿದ್ದಳು. ಹಲವೆಡೆ ಅವಳಿಗೆ ಗಂಡುಮಗನ ಸ್ಥಾನವೂ ಆಸ್ತಿಯ ಹಕ್ಕೂ ಇದ್ದವು. ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು 1909ರಲ್ಲಿ ನಿಲ್ಲಿಸಿತಾದರೂ ಮನೆಯ ಹರಕೆಯಾದ ಬಸವಿ ಬಿಡುವಿಕೆಗೆ ಆ ಆದೇಶ ತಾಕುವಂತಿರಲಿಲ್ಲ. ದೇವರಿಗೆ ಬಿಡುವುದನ್ನೇ ಅಪರಾಧವೆಂದ ಕರ್ನಾಟಕದ ಕಾಯಿದೆ 1982ರದು. ಶೋಷಣೆಯ ಈ ಪದ್ಧತಿಯನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಆದರೆ ಚೆನ್ನಿಗೆ ಅಂದು ಒಂದು ‘ತಾನು’ ಇತ್ತು, ಅದನ್ನು ಮನೆಯೂ ಊರೂ ದೇವರೂ ಸೇರಿ ಕೊಟ್ಟಿದ್ದರು ಎಂಬುದನ್ನು ಮರೆತರೆ ಕತೆ ಕೇವಲ ಸುಧಾರಣೆಯ ಪಾಠವಾಗಿಬಿಡುತ್ತದೆ. ಹಲವು ಓದುಗಳು ಅದನ್ನು ಹಾಗೆಯೇ ಮಾಡಿವೆ.

ಅತಿಥಿ ಆ ‘ತಾನು’ವನ್ನು ಒಂದೇ ರಾತ್ರಿಯಲ್ಲಿ ಒಡೆಯುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಹೊಸ ಕನ್ನಡಿಯಲ್ಲಿ ಕಂಡ ಹೆಣ್ಣಾಗಿ ಮರುದಿನ ಬೆಳಿಗ್ಗೆ ಅವಳು ಹೋಗಬಹುದಾದ ಮನೆ ಯಾವುದು? ಸೇರಬಹುದಾದ ಬಳಗ ಯಾವುದು? ಪಾಂಬಬ್ಬೆ ಅರಮನೆಯನ್ನು ತೊರೆದಾಗ ಸಂಘವಿತ್ತು. ಚೆನ್ನಿಗೆ ಅತಿಥಿಯ ಮಾತನ್ನು ಬಿಟ್ಟರೆ ಬೇರೇನೂ ಇಲ್ಲ. ಆ ಅತಿಥಿಯಾದರೂ ಬೆಳಗಾದರೆ ಮುಂದಿನ ಊರಿಗೆ ಹೊರಡುವವನು. ಇಬ್ಬರೂ ಹಿಂದಿನ ತಮ್ಮನ್ನು ನಿರಾಕರಿಸಿದವರೇ. ಒಬ್ಬಳದು ವ್ರತವಾಯಿತು, ಇನ್ನೊಬ್ಬಳದು ಸಾವಾಯಿತು. ಈ ವ್ಯತ್ಯಾಸ ಮನೋಬಲದ್ದಲ್ಲ. ಚೆನ್ನಿಯ ನಿರಾಕರಣೆ ಹೆಚ್ಚು ಸಂಪೂರ್ಣವಾದುದೆಂದೇ ಹೇಳಬೇಕು.

ನಿರೂಪಕನ ‘ನಾನು’ವನ್ನು ಜನ್ನನ ಬೆಳಕಿನಲ್ಲಿ ನೋಡಬೇಕು. ಯಶೋಧರನಲ್ಲಿ ಸಂಕಲ್ಪವಿತ್ತು, ಸತ್ತದ್ದು ಹಿಟ್ಟಿನ ಕೋಳಿ. ಇಲ್ಲಿ ಕೊಲ್ಲುವ ಸಂಕಲ್ಪವೇ ಇಲ್ಲ, ಸತ್ತದ್ದು ಹುಡುಗಿ. ಜೈನಕಾವ್ಯದ ಲೆಕ್ಕದಲ್ಲಿ ಈತ ನಿರಪರಾಧಿಯೆನಿಸಬಹುದು. ಆದರೂ ತಾನೇ ಮುಂದೆ ಬಂದು ‘ಕೊಂದ’ ಎಂಬ ಕ್ರಿಯಾಪದಕ್ಕೆ ಕರ್ತೃವಾಗುತ್ತಾನೆ. ಉಪದೇಶ ಮಾಡುವಾಗ ಅವನಿಗಿದ್ದ ಸ್ವತ್ವ ತಿಳಿದವನದು, ಉಪಕಾರಿಯದು. ಆ ಸ್ವತ್ವವನ್ನು ಚೆನ್ನಿಯ ಸಾವು ಒಡೆಯುತ್ತದೆ. ಅವಳ ‘ತಾನು’ವನ್ನು ಅವನ ಮಾತು ಒಡೆದಂತೆಯೇ. ಅವನಿಗೆ ಮಾತ್ರ ಒಂದು ಸೌಕರ್ಯವಿದೆ: ಒಡೆದುದನ್ನು ಕತೆಯಾಗಿ ಹೇಳಿಕೊಳ್ಳಬಲ್ಲ, ಕೇಳುವ ಓದುಗರೂ ಇದ್ದಾರೆ. ತಪ್ಪೊಪ್ಪಿಗೆ ನವೋದಯದ ವಿದ್ಯಾವಂತನಿಗೆ ಸಂಘದಂತೆಯೇ ಒಂದು ಆಶ್ರಯ.

ಕಡೂರಿನ ಕಲ್ಲಿನಲ್ಲಿ ‘ನಾನು’ ಇಲ್ಲ, ಪಾಂಬಬ್ಬೆಯ ಹೆಸರಿದೆ. ಆನಂದರ ಶೀರ್ಷಿಕೆಯಲ್ಲಿ ‘ನಾನು’ ಮೊದಲ ಪದವಾಗಿದೆ; ಚೆನ್ನಿಯ ಹೆಸರಿಲ್ಲ, ಬರಿಯ ‘ಹುಡುಗಿ’ ಎಂದಿದೆ.