ಹೆಡ್ ಗ್ಯಾಸ್ಕೆಟ್ ಕೆಡದಂತೆ ಕಾಪಾಡುವುದು ಹೇಗೆ?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕಾರು ನಡೆಸಿ ಹೊಟ್ಟೆ ಹೊರೆಯುವವರೂ, ಗ್ಯಾರೇಜಿನಲ್ಲಿ ದುಡಿಯುವವರೂ, ಸಾಲ ತೆಗೆದು ಕಾರು ಕೊಂಡ ಗುಮಾಸ್ತರೂ ಇದ್ದಾರೆ. ಅವರಿಗಾಗಿ ಈ ಪಾಠ.

ಇಂಜಿನಿನ ಕೆಳಗಿನ ಭಾಗ ಬ್ಲಾಕ್. ಮೇಲಿನ ಮುಚ್ಚಳ ಹೆಡ್. ಇವೆರಡರ ನಡುವಣ ತೆಳುವಾದ ಹಾಳೆಯೇ ಹೆಡ್ ಗ್ಯಾಸ್ಕೆಟ್. ಉರಿಯುವ ಅನಿಲ, ನೀರು, ಎಣ್ಣೆ ಈ ಮೂರೂ ಒಂದರೊಳಗೊಂದು ಬೆರೆಯದಂತೆ ತಡೆಯುವುದು ಅದರ ಕೆಲಸ.

ಕುರ್ಲಾದ ಕಾರಖಾನೆಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯನ್ನು ನೆನೆಯಿರಿ. 2023ರ ಅಕ್ಟೋಬರ್ ಕೊನೆಗೆ ಅದು ಮುಂಬಯಿಯ ಟ್ಯಾಕ್ಸಿ ಸಾಲಿನಿಂದ ಮರೆಯಾಯಿತು. ಅದರ 1089 ಸಿ.ಸಿ. ಇಂಜಿನಿನ ಶಕ್ತಿ ಸುಮಾರು 40 ಅಶ್ವಶಕ್ತಿ. ಇಂದಿನ 999 ಸಿ.ಸಿ. ಟರ್ಬೋ ಇಂಜಿನೋ 100ಕ್ಕೂ ಮಿಕ್ಕಿ ಕೊಡುತ್ತದೆ. ಹೊರಹೋಗುವ ಹೊಗೆಯ ಬಲದಿಂದ ಚಕ್ರ ತಿರುಗಿಸಿ, ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವುದೇ ಟರ್ಬೋ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಇದಕ್ಕೆ 1905ರಲ್ಲಿ ಪೇಟೆಂಟು ಪಡೆದರು. ಆದರೆ ಶಕ್ತಿ ಹೆಚ್ಚಿದಷ್ಟೂ ಒತ್ತಡವೂ ಕಾವೂ ಹೆಚ್ಚು. ಆ ಭಾರವೆಲ್ಲ ಗ್ಯಾಸ್ಕೆಟಿನ ಮೇಲೆ. ಕಾವು ಮಿತಿಮೀರಿದರೆ ಅಲ್ಯುಮಿನಿಯಮ್ ಹೆಡ್ ಸೊಟ್ಟಗಾಗುತ್ತದೆ, ಹಾಳೆಯ ಹಿಡಿತ ತಪ್ಪುತ್ತದೆ.

ಆದುದರಿಂದ ಈ ಮಾತುಗಳನ್ನು ನೆನಪಿಡಬೇಕು.

1. ಕೂಲೆಂಟ್ ಮಟ್ಟವನ್ನು ಇಂಜಿನ್ ತಣ್ಣಗಿರುವಾಗಲೇ ನೋಡಿರಿ. ಬರಿಯ ನಲ್ಲಿ ನೀರು ಸಲ್ಲದು; ತುಕ್ಕು ಹಿಡಿಯುತ್ತದೆ. ಸೋರಿಕೆ ಕಾಣದೆಯೂ ಮಟ್ಟ ಇಳಿಯುತ್ತಿದ್ದರೆ ಅನುಮಾನಿಸಿರಿ.

2. ಕಂಪನಿ ಹೇಳಿದ ದರ್ಜೆಯ ಪೆಟ್ರೋಲನ್ನೇ ಹಾಕಿಸಿರಿ. ಇಂಜಿನ್ 'ಟಕ ಟಕ' ಎಂದು ಬಡಿದುಕೊಂಡರೆ ಆ ಪೆಟ್ಟು ಗ್ಯಾಸ್ಕೆಟಿಗೂ ಬೀಳುತ್ತದೆ. ಓಟ ಹೆಚ್ಚಲೆಂದು ಟರ್ಬೋ ಒತ್ತಡವನ್ನು ಏರಿಸಲು ಹೋಗಬೇಡಿರಿ.

3. ಇಂಜಿನ್ ಬೆಚ್ಚಗಾಗುವವರೆಗೆ ಜೋರಾಗಿ ಓಡಿಸಬೇಡಿರಿ.

4. ಗ್ಯಾಸ್ಕೆಟ್ ಬದಲಿಸುವ ಮಿತ್ರರು ಹೆಡ್ ಸಮತಟ್ಟಾಗಿದೆಯೇ ಎಂದು ಪಟ್ಟಿಯಿಟ್ಟು ಪರೀಕ್ಷಿಸಲಿ. ಬೋಲ್ಟುಗಳನ್ನು ಕೈ ಅಂದಾಜಿನಿಂದ ಬಿಗಿಯದೆ, ಟಾರ್ಕ್ ರೆಂಚಿನಿಂದ, ಕಂಪನಿ ತಿಳಿಸಿದ ಕ್ರಮದಲ್ಲಿ, ಹಂತಹಂತವಾಗಿ ಬಿಗಿಯಬೇಕು. ಒಮ್ಮೆ ಮಾತ್ರ ಬಳಸುವ ಬೋಲ್ಟುಗಳನ್ನು ಮತ್ತೆ ಹಾಕಕೂಡದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಪುಣೆಗೆ ಹೋಗುವಾಗ ಖೋಪೋಲಿ ದಾಟಿ ಬೋರ್ ಘಾಟಿಯ ಏರು. ಕಾರಿನಲ್ಲಿ ಐದು ಮಂದಿ, ಮೇಲೆ ಸಾಮಾನು, ಒಳಗೆ ಎ.ಸಿ. ಕಾವಿನ ಮುಳ್ಳು ಮೇಲೇರಿತು. "ಇನ್ನೊಂದಿಷ್ಟು ದೂರ, ಲೋಣಾವಳಾದಲ್ಲಿ ನೋಡೋಣ" ಎನ್ನುವ ಮನಸ್ಸು ಸಹಜ. ಹಿಂದೆ ಕುಳಿತವರಿಗೂ ಅವಸರ. ಆದರೆ ಗ್ಯಾಸ್ಕೆಟ್ ಹೋಗುವುದು ಆ "ಇನ್ನೊಂದಿಷ್ಟು ದೂರ"ದಲ್ಲಿಯೇ. ಕೂಡಲೆ ಎ.ಸಿ. ಆರಿಸಿ, ಸುರಕ್ಷಿತ ಜಾಗದಲ್ಲಿ ಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿರಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮೀತು. ತಣ್ಣೀರು ಸುರಿದರೆ ಹೆಡ್ ಬಿರುಕು ಬಿಟ್ಟೀತು. ತಾನಾಗಿ ಆರಲು ಬಿಡಿರಿ.

ಬಿಳಿ ಹೊಗೆ ನಿಲ್ಲದಿದ್ದರೆ, ಎಣ್ಣೆ ಹಾಲಿನಂತೆ ಬೆಳ್ಳಗಾದರೆ, ಕೂಲೆಂಟಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಕಾರು ಓಡಿಸದೆ ಗ್ಯಾರೇಜಿಗೆ ಎಳೆಸಿರಿ.

ತಡವಾದುದಕ್ಕೆ ಮಾಲಿಕರು ಒಂದು ಮಾತು ಅಂದಾರು. ಅದು ಅಂದಿಗೇ ಮುಗಿಯುತ್ತದೆ. ಇಂಜಿನ್ ಬಿಚ್ಚಬೇಕಾಗಿ ಬಂದರೆ ಕಾರು ಗ್ಯಾರೇಜಿನಲ್ಲಿ, ಚಾಲಕ ಮನೆಯಲ್ಲಿ, ಊರಿಗೆ ಕಳುಹಿಸಬೇಕಾದ ಹಣ ರಿಪೇರಿಯ ಬಿಲ್ಲಿನಲ್ಲಿ. ಮುಳ್ಳು ಏರಿದಾಗ ನಿಲ್ಲಿಸುವುದೇ ಜಾಣತನ.