ಲಂಡನ್ನಿನಲ್ಲಿ ವಸತಿಯ ಆಯ್ಕೆ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಲಂಡನ್ನಿನಲ್ಲಿ ಚರಿತ್ರೆಯ ವ್ಯಾಸಂಗ ಮಾಡಲು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲೇ ಎಂದು ತಂದೆಯವರನ್ನು ಕೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅಲ್ಲಿ ರಾತ್ರಿ ಎಲ್ಲಿ ಮಲಗ್ತೀಯಪ್ಪ?" ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಆ ನಗರದ ನಕಾಶೆಯನ್ನು ಅಭ್ಯಾಸಮಾಡಿ ತಿಳಿದುದನ್ನು ವಾಚಕರಲ್ಲಿ ನಿವೇದಿಸುತ್ತೇನೆ.

ಮೊದಲು ನಿಶ್ಚಯಿಸಬೇಕಾದುದು ಕೆಲಸದ ಸ್ಥಳ, ವಸತಿ ಆಮೇಲೆ. ನನಗೆ ಬೇಕಾದ ಇಂಡಿಯಾ ಆಫೀಸಿನ ದಾಖಲೆಗಳಿರುವುದು ಸೇಂಟ್ ಪ್ಯಾಂಕ್ರಾಸ್ ಬಳಿಯ ಬ್ರಿಟಿಷ್ ಲೈಬ್ರರಿಯಲ್ಲಿ.

ಎರಡನೆಯದು ಖರ್ಚು. 1863ರಲ್ಲಿ ಆರಂಭವಾದ ಅಲ್ಲಿನ ನೆಲದಡಿಯ ರೈಲುಮಾರ್ಗಕ್ಕೆ 9 ದರವಲಯಗಳುಂಟು. ನಗರದ ನಡುಭಾಗವೇ 1ನೆಯದು. ದೂರ ಹೋದಂತೆ ಬಾಡಿಗೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ನಡುಭಾಗಕ್ಕೆ ಬರುವ ರೈಲಿನ ದರ ಏರುತ್ತದೆ, ಹೊತ್ತೂ ವ್ಯಯವಾಗುತ್ತದೆ. ಆದ್ದರಿಂದ ಬಾಡಿಗೆ, ರೈಲುಖರ್ಚು, ಊಟ ಈ ಮೂರನ್ನೂ ಕೂಡಿಸಿದ ಮೇಲೆಯೇ ಅಗ್ಗವೋ ದುಬಾರಿಯೋ ಹೇಳಬೇಕು.

ಮೂರನೆಯದು ರಾತ್ರಿಯ ಸಂಚಾರ. ಶುಕ್ರವಾರ, ಶನಿವಾರ ಕೆಲವು ಮಾರ್ಗಗಳಲ್ಲಿ ಇರುಳೆಲ್ಲ ರೈಲು ಓಡುತ್ತದೆ. ಉಳಿದ ದಿನಗಳಲ್ಲಿ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನಿಲ್ದಾಣದಿಂದ ದೂರವಿರುವ ಕೋಣೆ ಹೊಸಬನಿಗೆ ತಕ್ಕುದಲ್ಲ.

ಈ ಮೂರನ್ನೂ ತೂಗಿ ನೋಡಿದಾಗ ನನಗೆ ಹಿಡಿಸಿದ್ದು ಇಂಡಿಯನ್ ವೈ.ಎಂ.ಸಿ.ಎ. 1920ರಲ್ಲಿ ಭಾರತೀಯ ವಿದ್ಯಾರ್ಥಿಗಳಿಗಾಗಿ ಆರಂಭವಾದ ಈ ಸಂಸ್ಥೆ ಈಗ ಫಿಟ್ಸ್‌ರಾಯ್ ಚೌಕದಲ್ಲಿದೆ. ವಾರೆನ್ ಸ್ಟ್ರೀಟ್ ನಿಲ್ದಾಣ ಸಮೀಪದಲ್ಲೇ ಇದೆ. ಬಾಡಿಗೆ ಹೊರವಲಯದಷ್ಟು ಕಡಿಮೆಯಿರಲಾರದು. ಆದರೆ ಗ್ರಂಥಾಲಯಕ್ಕೆ ರೈಲೇ ಬೇಕಿಲ್ಲ.

ನಕಾಶೆಯ ಮೇಲೆ ತಂದೆಯವರಿಗೆ ದಾರಿ ತೋರಿಸಿದೆ. "ನಡೆದು ಹೋಗುವಷ್ಟು ಹತ್ತಿರವಾ?" ಎಂದರು. "ಹೌದಪ್ಪ" ಎಂದೆ. "ಹಾಗಾದ್ರೆ ಅರ್ಜಿ ಹಾಕು" ಎಂದರು.